ಔಷಧಿ ಹೊಡೆದರೂ ಉಣ್ಣೆ ಹೋಗ್ತಿಲ್ಲ: ಎಚ್‌ಎಫ್ ಆಕಳು, ಸಿಂಧನೂರು

ಪ್ರಶ್ನೆ: ಸಿಂಧನೂರು ಹೈನುಗಾರ

ನಮಸ್ಕಾರ. 4 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳು, 2 ಎಮ್ಮೆ, 3 ಕರು ಇವೆ. ಕಲ್ಲು-ಮಣ್ಣಿನ ಗೋಡೆ, ನೆಲಕ್ಕೆ ಬಂಡೆ. ಡೆಲ್ಟಾಮೆಥ್ರಿನ್ 1.25% ಲೀಟರಿಗೆ 2 ಮಿಲಿ ಹಾಕಿ ಹೊಡೀತೀವಿ. ಎರಡು ದಿನ ಉದುರ್ತಾವೆ, ಹದಿನೈದು ದಿನದಾಗ ಕಿವಿ, ಬಾಲದ ಬುಡ, ಕೆಚ್ಚಲ ಸುತ್ತ ಮತ್ತೆ ಹತ್ತಿರ್ತಾವೆ. ಸೈಪರ್‌ಮೆಥ್ರಿನ್‌ಗೆ ಬದಲಾಯಿಸಿದರೂ ಅದೇ ಹಾಡು. ಒಂದು ಆಕಳಿಗೆ ಥೈಲೇರಿಯಾ (ಉಣ್ಣೆಯಿಂದ ಬರೋ ಜ್ವರ) ಆಗಿ ಇಂಜೆಕ್ಷನ್ ಮೇಲೆ ಉಳೀತು. ಹತ್ತಿಗೆ ಹೊಡೆಯೋ ಎಣ್ಣೆ ಸ್ವಲ್ಪ ಬೆರೆಸ್ರಿ ಅಂತಾರೆ ಅಂಗಡಿಯವರು. ಬೆರೆಸಬಹುದಾ?

ಉತ್ತರ 1: ಪಶುವೈದ್ಯ, ಕೊಪ್ಪಳ

ಬೇಡವೇ ಬೇಡ. ಹತ್ತಿಗೆ ಹೊಡೆಯುವ ಮೊನೊಕ್ರೊಟೊಫಾಸ್, ಪ್ರೊಫೆನೋಫಾಸ್ ಚರ್ಮದಿಂದಲೇ ಒಳಗಿಳಿಯುತ್ತವೆ. ಜೊಲ್ಲು ಸುರಿದು, ಮೈ ನಡುಗಿ, ಉಸಿರು ಕಟ್ಟಿ ದನ ಬೀಳುತ್ತದೆ. ಹೊಲಕ್ಕೆ ಹೊಡೆದ ಪಂಪನ್ನು ಎಷ್ಟೇ ತೊಳೆದರೂ ದನಕ್ಕೆ ಬಳಸಬೇಡಿ, ದನಕ್ಕೇ ಒಂದು ಬೇರೆ ಇಟ್ಟುಕೊಳ್ಳಿ.

ಡೆಲ್ಟಾಮೆಥ್ರಿನ್ ಬಿಟ್ಟು ಸೈಪರ್‌ಮೆಥ್ರಿನ್ ಹಿಡಿದರೆ ಔಷಧಿ ಬದಲಾಯಿಸಿದಂತೆ ಆಗುವುದಿಲ್ಲ. ಎರಡೂ ಒಂದೇ ಗುಂಪು, ಒಂದಕ್ಕೆ ಒಗ್ಗಿದ ಉಣ್ಣೆ ಸಾಮಾನ್ಯವಾಗಿ ಇನ್ನೊಂದಕ್ಕೂ ಜಗ್ಗುವುದಿಲ್ಲ. ಬೇರೆ ಗುಂಪಿನ ಅಮಿಟ್ರಾಜ್ 12.5% ನೋಡಿ: ಲೀಟರಿಗೆ 2 ಮಿಲಿ, 15 ಲೀಟರ್ ಪಂಪಿಗೆ 30 ಮಿಲಿ. ಕಲಸಿದ್ದನ್ನು ಆವತ್ತೇ ಮುಗಿಸಿ, ಇಟ್ಟರೆ ಸತ್ವ ಇಳಿಯುತ್ತದೆ. ಜ್ವರ ಇದ್ದ ದನಕ್ಕೆ, ಎಳೆಗರುವಿಗೆ ಕೇಳದೆ ಹೊಡೆಯಬೇಡಿ. ಮನೆಯಲ್ಲಿ ಕುದುರೆ ಇದ್ದರೆ ಅದಕ್ಕೆ ಅಮಿಟ್ರಾಜ್ ತಾಗಿಸಲೇಬಾರದು.

ಔಷಧಿಗಿಂತ ಹೊಡೆಯುವ ರೀತಿಯಲ್ಲೇ ಹೆಚ್ಚು ತಪ್ಪಾಗುತ್ತದೆ. ಬೆನ್ನ ಮೇಲೆ ಎರಡು ಸುತ್ತು ಹಾಯಿಸಿ ಮುಗಿಸುತ್ತಾರೆ, ಉಣ್ಣೆ ಕೂತಿರುವುದು ಗಂಗೆದೊಗಲು, ತೊಡೆಸಂದಿ, ಬಾಲದ ಕೆಳಗೆ. ದೊಡ್ಡ ಆಕಳಿಗೆ 3–4 ಲೀಟರ್ ಬೇಕು, ಕೂದಲ ಬುಡ ನೆನೆಯಬೇಕು. ಕಿವಿಯೊಳಗೆ ಪಂಪು ಹಿಡಿಯದೆ ಬಟ್ಟೆ ಅದ್ದಿ ಒರೆಸಿ. ಮೊದಲು ಹಾಲು ಕರೆದು, ಹೊಟ್ಟೆ ತುಂಬ ನೀರು ಕುಡಿಸಿ, ಬಿಸಿಲು ಇಳಿದ ಮೇಲೆ ಹೊಡೆಯಿರಿ. ಮೈ ಒಣಗುವ ತನಕ ಗಿಡ್ಡಗೆ ಕಟ್ಟಿ, ನೆಕ್ಕಿಕೊಳ್ಳಬಾರದು. ಮುಂದಿನ ಸಲ ಹಾಲು ಕರೆಯುವ ಮುಂಚೆ ಕೆಚ್ಚಲು ತೊಳೆಯಿರಿ. ಪಂಪನ್ನು ಕಾಲುವೆಯಲ್ಲಿ, ಕೆರೆಯಲ್ಲಿ ತೊಳೆಯಬೇಡಿ, ಡೆಲ್ಟಾಮೆಥ್ರಿನ್ ತೊಟ್ಟು ಬಿದ್ದರೂ ಮೀನಿಗೆ ವಿಷ. 10–14 ದಿನಕ್ಕೆ ಎರಡನೇ ಸಲ ಹೊಡೆಯಿರಿ.

ಉತ್ತರ 2: ಗಂಗಾವತಿ ಡೇರಿ

ಡಾಕ್ಟ್ರು ಹೇಳಿದ್ದು ಖರೆ, ಆದ್ರ ನಿಮ್ಮ ಮೂಲ ಗೋಡೆಯೊಳಗೈತ್ರಿ. ಒಂದು ಉಣ್ಣೆ ಕಿತ್ತು ಕಾಲು ನೋಡ್ರಿ. ಕಂದು ಕಾಲಿಗೆ ಬಿಳಿ ಪಟ್ಟಿ ಇದ್ದು ಚುರುಕಾಗಿ ಓಡಿದ್ರ ಅದು ಹಯಾಲೊಮ್ಮಾ ಅನ್ನೋ ಜಾತಿ ಉಣ್ಣೆ, ಥೈಲೇರಿಯಾ ತರೋದು ಅದೇ. ರಕ್ತ ಕುಡಿದು ಔಡಲ ಬೀಜದಂಗ ಉಬ್ಬಿ ಕೆಳಗ ಬೀಳ್ತದ, ಸಂದಿಯೊಳಗ ಹೊಕ್ಕು ಸಾವಿರಗಟ್ಟಲೆ ತತ್ತಿ ಇಡ್ತದ. ಉಣ್ಣೆ ಮರಿಗಳು ರಕ್ತ ಕುಡಿದು ಇಳಿದು ಪೊರೆ ಬಿಡೋದೂ ಅದೇ ಸಂದಿಯೊಳಗ. ಹಂಗಾಗಿ ಮೈಗಷ್ಟೇ ಹೊಡೆದ್ರ ಉಪಯೋಗಿಲ್ಲ.

ಮೈಗೆ ಹೊಡೆಯೋ ದಿನಾನೇ ಕೊಟ್ಟಿಗೆನೂ ಮುಗಿಸ್ರಿ. ದನ ಹೊರಗ ಕಟ್ಟಿ, ಗೋದಲಿ ಖಾಲಿ ಮಾಡಿ, ಬಂಡೆ ಸಂದಿನ ಮಣ್ಣು ಕಬ್ಬಿಣದ ಸರಳಿನಿಂದ ಕೆರೆದು ಸುಟ್ಟುಬಿಡ್ರಿ. ಗೋಡೆಗೆ ನೆಲದಿಂದ ಎದೆಮಟ್ಟದ ತನಕ, ಗೂಟದ ಬುಡ, ಗೋದಲಿ ಹಿಂಭಾಗ, ಕೊಟ್ಟಿಗೆಗೆ ಅಂತ ಲೇಬಲ್‌ನಾಗ ಕೊಟ್ಟ ಪ್ರಮಾಣದಲ್ಲಿ ಹೊಡೀರಿ. ನಾಲ್ಕೈದು ದಿನ ಬಿಟ್ಟು ಸಂದಿಗೆ ಸಿಮೆಂಟ್ 1, ಮರಳು 4 ಕಲಸಿ ತುಂಬ್ರಿ. ಸುಣ್ಣ ಕೊನೆಗೆ ಹಚ್ಚಬೇಕು. ಸುಣ್ಣದ ಮೇಲೆ ಡೆಲ್ಟಾಮೆಥ್ರಿನ್ ಹೊಡೆದ್ರ ಸುಣ್ಣದ ಕ್ಷಾರಕ್ಕ ಬೇಗ ಸತ್ತುಹೋಗ್ತದ, ಮಂದಿ ಉಲ್ಟಾ ಮಾಡಿ ಔಷಧಿ ಡೂಪ್ಲಿಕೇಟು ಅಂತ ಬೈತಾರ. ಕಲ್ಲು ಗೋಡೆಗೆ ಗ್ಯಾಸ್ ಬೆಂಕಿ ಹಿಡಿಯೋದು ಒಳ್ಳೆ ಕೆಲಸ ಮಾಡ್ತದ, ಆದ್ರ ಬಣವಿ ಹತ್ರ ಬ್ಯಾಡ.

ಕಿತ್ತ ಉಣ್ಣೆ ತಿಪ್ಪಿಗೆ ಒಗೀಬ್ಯಾಡ್ರಿ, ಅಲ್ಲೇ ತತ್ತಿ ಇಡ್ತದ. ಸೀಮೆಎಣ್ಣೆ ಡಬ್ಬಿಗೆ ಹಾಕ್ರಿ. ಸಂತೆಯಿಂದ ತಂದ ದನಕ್ಕ ಮೊದಲು ಹೊಡೆದು, ಮೂರು ವಾರ ಬೇರೆ ಕಟ್ಟಿ ಆಮೇಲೆ ಒಳಗ ಬಿಡ್ರಿ.

ಸಿಂಧನೂರು ಹೈನುಗಾರ

ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಟ್ಟರೆ ಇಷ್ಟೆಲ್ಲ ತಪ್ಪುತ್ತಾ? ಮತ್ತೆ ಜ್ವರ ಬಂದರೆ ಯಾವ ರೋಗ ಅಂತ ಹೆಂಗ ಗುರುತಿಸೋದು?

ಉತ್ತರ 3: ಪಶುವೈದ್ಯ, ಕೊಪ್ಪಳ

ಕರೆಯುವ ಆಕಳಿಗೆ ಐವರ್‌ಮೆಕ್ಟಿನ್ ಬೇಡ, ಹಾಲಿನಲ್ಲಿ ಬಹಳ ದಿನ ಉಳಿಯುತ್ತದೆ. ಹಾಲಿಲ್ಲದ ದನಕ್ಕಾದರೆ 50 ಕೆಜಿ ತೂಕಕ್ಕೆ 1% ಔಷಧಿ 1 ಮಿಲಿ, ಚರ್ಮದ ಕೆಳಗೆ. ಆದರೂ ಗೋಡೆಯಲ್ಲಿರುವುದಕ್ಕೆ ಅದು ಉತ್ತರವಲ್ಲ.

ಜ್ವರ 104–106 ಡಿಗ್ರಿ, ಭುಜದ ಮುಂದಿನ ಗಡ್ಡೆ ನಿಂಬೆಹಣ್ಣಿನ ಗಾತ್ರಕ್ಕೆ ಊದಿದ್ದರೆ, ಕಣ್ಣು ಬಿಳಿಚಿ, ಹಾಲು ಒಮ್ಮೆಲೇ ಇಳಿದರೆ ಥೈಲೇರಿಯಾ ಅನುಮಾನಿಸಿ. ಗಂಜಲ ಕಾಫಿ ಬಣ್ಣಕ್ಕೆ ಬಂದರೆ ಬಬೇಸಿಯಾ. ಗಂಜಲದ ಬಣ್ಣ ಸರಿಯಿದ್ದು ಜ್ವರ, ರಕ್ತಹೀನತೆ, ಕಾಮಾಲೆ, ಮಲಬದ್ಧತೆ ಕಂಡರೆ ಅನಾಪ್ಲಾಸ್ಮಾ ಇರಬಹುದು. ಅದು ಉಣ್ಣೆಯ ಜೊತೆಗೆ ಒಂದೇ ಸೂಜಿಯನ್ನು ಹಲವು ದನಕ್ಕೆ ಚುಚ್ಚಿದರೂ ಹರಡುತ್ತದೆ. ಮೂರಕ್ಕೂ ಔಷಧಿ ಬೇರೆ ಬೇರೆ. ಆದ್ದರಿಂದ ಇಂಜೆಕ್ಷನ್‌ಗೆ ಮುಂಚೆ ಕಿವಿಯ ರಕ್ತದ ಲೇಪ ತೆಗೆಸಿ, 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ.

ಥೈಲೇರಿಯಾಕ್ಕೆ ಬುಪಾರ್ವಾಕ್ವೋನ್, 20 ಕೆಜಿಗೆ 1 ಮಿಲಿ, ಅಂದರೆ 300 ಕೆಜಿ ಆಕಳಿಗೆ 15 ಮಿಲಿ, ಕುತ್ತಿಗೆ ಮಾಂಸದಲ್ಲಿ ಎರಡು ಕಡೆ ಹಂಚಿ. ರಕ್ತ ತೀರಾ ಇಳಿದ ಮೇಲೆ ಕೊಟ್ಟರೆ ಪರಾವಲಂಬಿ ಸತ್ತರೂ ದನ ಉಳಿಯದೆ ಹೋಗಬಹುದು. ಗುಣವಾದ ನಿಮ್ಮ ಆಕಳ ರಕ್ತದಲ್ಲಿ ಅದು ಸ್ವಲ್ಪ ಉಳಿದಿರುತ್ತದೆ. ಆ ಆಕಳನ್ನು ಕಚ್ಚಿದ ಮರಿ ಉಣ್ಣೆ ಬೆಳೆದು ಮುಂದೆ ಕರುವನ್ನು ಕಚ್ಚಿದರೆ ರೋಗ ದಾಟುತ್ತದೆ. ಹಾಗಾಗಿ ಕರುಗಳಿಗೆ 2–3 ತಿಂಗಳಾದ ಮೇಲೆ ಥೈಲೇರಿಯಾ ಲಸಿಕೆ ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ.

ಉತ್ತರ 4: ಸಿರುಗುಪ್ಪ

ಈ ಉಣ್ಣೆಯಿಂದ ಮಂಗನ ಕಾಯಿಲೆ ಬರ್ತದ ಅಂತ ಹೆದರಬ್ಯಾಡ್ರಿ, ಅದು ಮಲೆನಾಡಿನದು, ಅದನ್ನ ಹರಡುವ ಉಣ್ಣೆಯ ಜಾತಿಯೇ ಬೇರೆ. ಆದ್ರ ಹಯಾಲೊಮ್ಮಾದಿಂದ ಮನುಷ್ಯರಿಗೆ ಕ್ರಿಮಿಯನ್-ಕಾಂಗೋ ಜ್ವರ ಬರ್ತದ, 2011ರಲ್ಲಿ ಗುಜರಾತಿನಲ್ಲಿ ದೃಢಪಟ್ಟಿತ್ತು. ಉಣ್ಣೆಯನ್ನ ಉಗುರಿನಿಂದ ಚಿವುಟಿ ಒಡೆಯೋ ರೂಢಿ ಬಿಡ್ರಿ. ಕೈಗವಸು ಹಾಕಿ, ಚಿಮಟಿಯಿಂದ ಚರ್ಮದ ಹತ್ತಿರ ಹಿಡಿದು ತಿರುಚದೆ ನೇರ ಎಳೀರಿ.