ಪದಚರ್ಚೆ: ಸೀಕ್ವೆನ್ಸರಿನ ‘ಸ್ಟೆಪ್’ – ಹೆಜ್ಜೆಯೋ, ಮನೆಯೋ, ಮಾತ್ರೆಯೋ?

ಪ್ರಶ್ನೆ:

ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬಳಸಿ ಎಂಟು ಸ್ಟೆಪ್‌ಗಳ ಮಿಡಿ ಸೀಕ್ವೆನ್ಸರ್ ಕಟ್ಟಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಸೀಕ್ವೆನ್ಸರ್ ಎಂದರೆ ಜೋಡಿಸಿಟ್ಟ ಸ್ವರಗಳನ್ನು ಒಂದಾದ ಮೇಲೊಂದರಂತೆ ತಾನೇ ನುಡಿಸುವ ಯಂತ್ರ, ಮಿಡಿ ಎಂದರೆ ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಕಳಿಸುವ ಸಂದೇಶಗಳ ಭಾಷೆ. ಓದುಗರು ಎರಡು ಬಗೆಯವರು: ಬೆಸುಗೆ ಹಾಕಿ ಅಭ್ಯಾಸವಿರುವ ಎಲೆಕ್ಟ್ರಾನಿಕ್ಸ್ ಆಸಕ್ತರು ಮತ್ತು ಸರಳೆ ವರಸೆ, ಅಲಂಕಾರ ಕಲಿತು ಕೀಬೋರ್ಡ್ ನುಡಿಸುವವರು. ಬಿಡಿಭಾಗಗಳ ಹೆಸರಿನಲ್ಲಿ ತೊಡಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರೆಸಿಸ್ಟರ್ ಕೊಳ್ಳುವವರಿಗೆ ‘ರೋಧಕ’ ಎಂಬ ಪದದಿಂದ ಉಪಯೋಗವಿಲ್ಲ, ಅಂಗಡಿಯ ಹೆಸರನ್ನೇ ಇಟ್ಟುಕೊಳ್ಳಲಾಗಿದೆ. ತೊಡಕು ಯಂತ್ರದ ನಡವಳಿಕೆಯನ್ನು ಹೇಳುವ ಪದಗಳಲ್ಲಿದೆ.

ಸದ್ಯದ ಕರಡಿನಲ್ಲಿ ‘ಸ್ಟೆಪ್’ ಎಲ್ಲೆಡೆ ‘ಹೆಜ್ಜೆ’ ಆಗಿದೆ. ಹಾಗಾಗಿ ಇಂಥ ವಾಕ್ಯಗಳು ಬರುತ್ತವೆ:

‘ಪ್ರತಿ ಹೆಜ್ಜೆಗೂ ಒಂದು ತಿರುಗುಗುಂಡಿ ಇದೆ.’
‘ಮೂರನೇ ಹೆಜ್ಜೆಯನ್ನು ಖಾಲಿ ಬಿಡಿ.’
‘ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಒಂದು ಹೆಜ್ಜೆ 125 ಮಿಲಿಸೆಕೆಂಡ್.’
‘ಹೊರಗಿನ ಕ್ಲಾಕ್ ಬಂದಾಗ ಯಂತ್ರ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ.’

ನಾಲ್ಕನೆಯದು ಮಾತ್ರ ಸಹಜವಾಗಿ ಕೇಳಿಸುತ್ತದೆ. ಕೀಲಿಯನ್ನು ಎಷ್ಟು ಜೋರಾಗಿ ಹೊಡೆದರೆಂದು ಹೇಳುವ ‘ವೆಲಾಸಿಟಿ’ಯನ್ನು ‘ವೇಗ’ ಎಂದದ್ದೂ ತೊಂದರೆ ಕೊಡುತ್ತಿದೆ, ಏಕೆಂದರೆ ಟೆಂಪೊ ಕೂಡ ವೇಗವೇ. ‘ಗೇಟ್’ (ಸ್ವರ ಮೊಳಗುವ ಅವಧಿ), ‘ಕ್ಲಾಕ್’ (ಲಯ ಹೊಂದಿಸುವ ಸಂಕೇತ) ಇವಕ್ಕೂ ನುಡಿಸುವವರ ಬಾಯಲ್ಲಿರುವ ಪದಗಳು ಬೇಕು. ‘ಮಿಡಿ’ಯನ್ನು ಹಾಗೇ ಬರೆದರೆ ತಂತಿ ಮಿಡಿಯುವುದಕ್ಕೂ ಮಾವಿನ ಮಿಡಿಗೂ ಗೊಂದಲವಾದೀತೇ?

ಉತ್ತರ 1:

ಕೊನೆಯದು ಮೊದಲು. ‘ಮಿಡಿ’ ಇರಲಿ, ಗೊಂದಲ ಆಗುವುದಿಲ್ಲ. ‘ಮಿಡಿ ಸಂದೇಶ’, ‘ಮಿಡಿ ಸಾಕೆಟ್’ ಎಂದು ಜೊತೆಪದ ಸೇರಿಸಿ ಬರೆದರೆ ಸಾಕು. ‘ಮಿಡಿಯಿರಿ’, ‘ಮಿಡಿಸಿ’ ಎಂದು ಕ್ರಿಯಾಪದ ಮಾಡಬೇಡಿ.

ಇನ್ನು ‘ಸ್ಟೆಪ್’. ಈ ಒಂದು ಇಂಗ್ಲಿಷ್ ಪದ ಯಂತ್ರದಲ್ಲಿ ಮೂರು ಬೇರೆ ವಸ್ತುಗಳನ್ನು ಹೊತ್ತಿದೆ: ಸ್ವರ ಕೂರುವ ಜಾಗ, ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುವ ಚಲನೆ, ಆ ಜಾಗಕ್ಕೆ ಸಿಗುವ ಅವಧಿ. ಕನ್ನಡದಲ್ಲಿ ಮೂರಕ್ಕೂ ಬೇರೆ ಬೇರೆ ಪದಗಳಿವೆ. ಜಾಗ ‘ಮನೆ’, ಚಲನೆ ‘ಹೆಜ್ಜೆ’, ಅವಧಿ ‘ಮಾತ್ರೆ’. ಚೌಕಾಬಾರ ಆಡಿದವರಿಗೆ ಮನೆ ಖಾಲಿಯೂ ಇರಬಹುದು, ತುಂಬಿಯೂ ಇರಬಹುದು ಎಂದು ಹೇಳಿಕೊಡಬೇಕಿಲ್ಲ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಮಾತ್ರೆ ಕಾಲದ ಅಳತೆ ಎಂಬುದೂ ಗೊತ್ತು.

ಇದು ಬರಿಯ ಪದಗಳ ಚೊಕ್ಕತನವಲ್ಲ, ಪ್ರೋಗ್ರಾಮಿನಲ್ಲೂ ಇವು ಮೂರು ಬೇರೆ ಚರಗಳು (ವೇರಿಯಬಲ್). ಮನೆ ಎಂದರೆ 0ರಿಂದ 7ರವರೆಗಿನ ಪಟ್ಟಿಯ ಸಂಖ್ಯೆ. ಹೆಜ್ಜೆ ಎಂದರೆ ಆ ಸಂಖ್ಯೆಯನ್ನು ಬದಲಿಸುವ ನಿಯಮ: ಮುಂದೆ, ಹಿಂದೆ, ಹೋಗಿಬರುವುದು, ಮನಬಂದಂತೆ. ಮಾತ್ರೆ ಎಂದರೆ ಎಷ್ಟು ಮಿಡಿತಕ್ಕೊಮ್ಮೆ ಹೆಜ್ಜೆ ಇಡಬೇಕು ಎಂಬುದು. ‘ಮಿಡಿತ’ ಎಂದು ಬೇಕೆಂದೇ ಬಳಸಿದ್ದೇನೆ. ಮಿಡಿ ಕ್ಲಾಕ್ ‘ಗಡಿಯಾರ’ ಅಲ್ಲ, ಅದು ಹೊತ್ತು ಹೇಳುವುದಿಲ್ಲ. 248 ಎಂಬ ಒಂದೇ ಬೈಟ್ ಅನ್ನು ಪಾಶ್ಚಾತ್ಯ ಕ್ವಾರ್ಟರ್ ನೋಟಿಗೆ 24 ಸಲದಂತೆ ಕಳಿಸುತ್ತದೆ, ಅಷ್ಟೆ. ಶುರು 250, ಮುಂದುವರಿಕೆ 251, ನಿಲ್ಲಿಸು 252. ಈ ನಾಲ್ಕೂ ಬೇರೆ ಸಂದೇಶದ ಬೈಟುಗಳ ನಡುವೆ ನುಸುಳಬಹುದು. ಮಿಡಿ ಓದುವ ಪ್ರೋಗ್ರಾಂ ಅದನ್ನು ನಿರೀಕ್ಷಿಸದಿದ್ದರೆ 248 ಅನ್ನು ಸ್ವರದ ಸಂಖ್ಯೆಯೆಂದೇ ತಿಳಿದು ಕೆಡುತ್ತದೆ.

ಕ್ವಾರ್ಟರ್ ನೋಟನ್ನು ತಾಳದ ಒಂದು ಅಕ್ಷರಕ್ಕೆ (ಒಂದು ಎಣಿಕೆಗೆ) ಹೊಂದಿಸಿ. ಆಗ ಅಕ್ಷರಕ್ಕೆ 24 ಮಿಡಿತ. ಒಂದು ಅಕ್ಷರ ಎಷ್ಟು ಮಾತ್ರೆಯಾಗಿ ಒಡೆಯುತ್ತದೆ ಎಂಬುದೇ ನಡೆ: ನಾಲ್ಕರ ಚತುರಶ್ರ ನಡೆಯಲ್ಲಿ ಮಾತ್ರೆಗೆ 6, ಮೂರರ ತಿಶ್ರ ನಡೆಯಲ್ಲಿ 8. ಐದರ ಖಂಡ ನಡೆಗೆ ಬಂದಾಗ 24ನ್ನು 5ರಿಂದ ಭಾಗಿಸಿದರೆ 4.8 ಬರುತ್ತದೆ, ಇಲ್ಲಿ ಯಂತ್ರ ಸಿಕ್ಕಿಕೊಳ್ಳುತ್ತದೆ. 4.8ನ್ನು 5 ಮಾಡಿದರೆ ಅಕ್ಷರ 25 ಮಿಡಿತಕ್ಕೆ ಬೆಳೆದು, ಜೊತೆಯಲ್ಲಿರುವ ಡ್ರಮ್ ಯಂತ್ರದಿಂದ ಪ್ರತಿ ಅಕ್ಷರಕ್ಕೂ ಒಂದೊಂದು ಮಿಡಿತ ಹಿಂದೆ ಬೀಳುತ್ತದೆ. ಉಪಾಯ ಸರಳ: ಒಳಗಿನ ಎಣಿಕೆಯನ್ನು 24 ಮತ್ತು ನಡೆ ಎರಡರಿಂದಲೂ ಭಾಗವಾಗುವ ಸಂಖ್ಯೆಯಾಗಿ ಇಡುವುದು. ಖಂಡಕ್ಕೆ 120, ಏಳರ ಮಿಶ್ರಕ್ಕೆ 168, ಒಂಬತ್ತರ ಸಂಕೀರ್ಣಕ್ಕೆ 72. ಖಂಡದಲ್ಲಿ ಪ್ರತಿ 24 ಒಳ ಎಣಿಕೆಗೆ ಒಂದು ಹೆಜ್ಜೆ, ಪ್ರತಿ 5ಕ್ಕೆ ಹೊರಗೆ ಒಂದು ಮಿಡಿತ. ಮಿಶ್ರದಲ್ಲಿ 24 ಮತ್ತು 7. ಸಂಕೀರ್ಣದಲ್ಲಿ 8 ಮತ್ತು 3. ನಡೆ ಬದಲಿಸುವುದು ಅಕ್ಷರದ ಮೊದಲಲ್ಲಿ ಮಾತ್ರ ಎಂದು ಕಟ್ಟುಮಾಡಿದರೆ ಎಲ್ಲ ನಡೆಗೂ ಹೊಂದುವ 2520ರಂಥ ದೊಡ್ಡ ಸಂಖ್ಯೆ ಬೇಕಾಗುವುದಿಲ್ಲ. ‘ಮಾತ್ರೆ’, ‘ನಡೆ’, ‘ಅಕ್ಷರ’ ಎಂದು ಬರೆದಾಗ ಸಂಗೀತದ ಓದುಗರಿಗೆ ಇದು ಒಂದೇ ಓದಿಗೆ ತಿಳಿಯುತ್ತದೆ. ‘ಹೆಜ್ಜೆ’ ಎಂದಷ್ಟೇ ಬರೆದ ಕರಡಿನಲ್ಲಿ ಇದನ್ನು ಹೇಳುವ ದಾರಿಯೇ ಇಲ್ಲ.

ಹಾಗೆಯೇ ಟೆಂಪೊ ‘ವೇಗ’ವಾಗಿ ಉಳಿಯಲಿ, ದುಪ್ಪಟ್ಟು ಮಾಡುವ ಸ್ವಿಚ್ಚಿಗೆ ‘ಕಾಲ’ ಎಂದು ಹೆಸರಿಡಿ. ಒಂದನೇ ಕಾಲದಲ್ಲಿ ಮನೆಗೆ 24 ಮಿಡಿತ, ಎರಡರಲ್ಲಿ 12, ಮೂರರಲ್ಲಿ 6.

ವೇಗದ ಲೆಕ್ಕವನ್ನು ಮಿಲಿಸೆಕೆಂಡಿನಲ್ಲಿ ಬರೆಯಬೇಡಿ. 120ರ ವೇಗದಲ್ಲಿ ಒಂದು ಮಿಡಿತಕ್ಕೆ 20.833 ಮಿಲಿಸೆಕೆಂಡ್. ದಶಾಂಶ ಬಿಟ್ಟು 20 ಎಂದರೆ ನಿಜವಾಗಿ ಬರುವುದು 125. 21 ಎಂದರೆ 119ರ ಆಸುಪಾಸು. ಮೈಕ್ರೊಸೆಕೆಂಡಿನಲ್ಲಿ 20,833 ಎಂದು ಇಟ್ಟರೆ ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ. ಮುಂದಿನ ಮಿಡಿತದ ಹೊತ್ತನ್ನು ‘ಈಗಿನ ಹೊತ್ತು ಕೂಡಿಸು 20,833’ ಎಂದಲ್ಲ, ‘ಹಿಂದಿನ ಮಿಡಿತದ ನಿಗದಿತ ಹೊತ್ತು ಕೂಡಿಸು 20,833’ ಎಂದು ಬರೆಯಿರಿ. ಮೊದಲಿನ ರೀತಿಯಲ್ಲಿ ಗುಂಡಿ ಓದಲು, ಎಲ್‌ಇಡಿ ಹೊತ್ತಿಸಲು ಹಿಡಿದ ಸಮಯವೆಲ್ಲ ಕೂಡುತ್ತ ಹೋಗಿ ಲಯ ಜಗ್ಗುತ್ತದೆ. ‘ಡಿಲೇ’ ಆಜ್ಞೆಯನ್ನಂತೂ ಎಲ್ಲಿಯೂ ಹಾಕಬಾರದು. ಅದು ನಡೆಯುವಾಗ ಯಂತ್ರ ಬೇರೇನನ್ನೂ ಮಾಡದು.

ಗೇಟಿಗೆ ‘ಹಿಡಿತ’ ಎನ್ನಿ. ನೋಟ್ ಆನ್ ಎಂಬುದಕ್ಕೆ ‘ಹಿಡಿ’, ನೋಟ್ ಆಫ್‌ಗೆ ‘ಬಿಡು’. ಚತುರಶ್ರದಲ್ಲಿ ಮಾತ್ರೆಗೆ 6 ಮಿಡಿತವಿದ್ದಾಗ ಹಿಡಿತ ಅರ್ಧ ಎಂದರೆ ಮೂರನೇ ಮಿಡಿತ ಮುಗಿದಾಗ ಬಿಡುವುದು. ಮುಂದಿನ ಸ್ವರವನ್ನು ಹಿಡಿದ ಮೇಲೆ ಹಿಂದಿನದನ್ನು ಬಿಟ್ಟರೆ, ಲೆಗಾಟೊ ಮತ್ತು ಗ್ಲೈಡ್ ಇರುವ ಸಿಂಥ್‌ಗಳಲ್ಲಿ (ಸಂದೇಶ ಪಡೆದು ಸದ್ದು ಹೊರಡಿಸುವ ಸಿಂಥಸೈಜರ್‌ಗಳಲ್ಲಿ) ಸ್ವರ ಜಾರುತ್ತದೆ. ಅದಕ್ಕೆ ಗಮಕದ ‘ಜಾರು’ ಎಂಬ ಹೆಸರೇ ಸಾಕು.

ಈ ಜೋಡಿಯಿಂದ, ಕೈಯಿಂದ ಕಟ್ಟಿದ ಸೀಕ್ವೆನ್ಸರುಗಳಲ್ಲಿ ಆಗಾಗ ಕಾಣುವ ದೋಷವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಹಿಡಿದ ಸ್ವರವನ್ನೇ ಬಿಡಬೇಕು. ಮಿಡಿ ಸಂಖ್ಯೆ 64 ಇರುವ ಸ್ವರವನ್ನು ಹಿಡಿದ ಮೇಲೆ ಯಾರೋ ಗುಂಡಿ ತಿರುಗಿಸಿ 65 ಮಾಡಿದರು ಎನ್ನಿ. ಬಿಡುವ ಹೊತ್ತಿಗೆ ಪ್ರೋಗ್ರಾಂ ಮತ್ತೆ ಗುಂಡಿಯನ್ನೇ ಓದಿ 65ನ್ನು ಬಿಡುತ್ತದೆ, 64 ಎಂದೆಂದಿಗೂ ಮೊಳಗುತ್ತ ಉಳಿಯುತ್ತದೆ. ಹಿಡಿದ ಸಂಖ್ಯೆಯನ್ನು ಬೇರೆ ಚರದಲ್ಲಿ ಇಟ್ಟುಕೊಂಡು ಅದನ್ನೇ ಬಿಡಬೇಕು. ನಿಲ್ಲಿಸುವ ಗುಂಡಿ ಒತ್ತಿದಾಗ ಎಲ್ಲವನ್ನೂ ಬಿಡುವ 123ನೇ ಕಂಟ್ರೋಲ್ ಸಂದೇಶವನ್ನೂ ಕಳಿಸಿ.

ವೆಲಾಸಿಟಿಗೆ ‘ಹೊಡೆತ’. ‘ಒತ್ತು’ ಬೇಡ, ಕೀಲಿಯನ್ನು ಹಿಡಿದ ಮೇಲೆ ಇನ್ನಷ್ಟು ಒತ್ತುವ ಆಫ್ಟರ್‌ಟಚ್‌ಗೆ ಆ ಪದ ಬೇಕಾಗುತ್ತದೆ. ಹೊಡೆತ 1ರಿಂದ 127. ಹೊಡೆತ 0 ಇರುವ ‘ಹಿಡಿ’ ಸಂದೇಶವನ್ನು ಎಲ್ಲ ಸಿಂಥ್‌ಗಳೂ ‘ಬಿಡು’ ಎಂದೇ ಓದಬೇಕು, ನಿಯಮ ಹಾಗಿದೆ. ‘ವೇಗ 0 ಎಂದರೆ ಬಿಡು’ ಎಂಬ ಕರಡಿನ ವಾಕ್ಯ ಯಾರಿಗೂ ಅರ್ಥವಾಗುವುದಿಲ್ಲ.

ಸೀಕ್ವೆನ್ಸರ್ ಹಾಗೇ ಇರಲಿ. ಅದರೊಳಗೆ ಉಳಿಸಿಡುವ ಪ್ಯಾಟರ್ನಿಗೆ ‘ವರಸೆ’ ಚೆನ್ನಾಗಿ ಒಪ್ಪುತ್ತದೆ. ಒಂದು ಬಿಟ್ಟು ಒಂದು ಸ್ವರವನ್ನು ತುಸು ತಡಮಾಡುವ ಸ್ವಿಂಗಿಗೆ ಪದ ಹುಡುಕುವುದು ಬೇಡ.

ಉತ್ತರ 2:

ಹಿಡಿ, ಬಿಡು, ಹಿಡಿತ – ಮೂರಕ್ಕೂ ಪೂರ್ತಿ ಒಪ್ಪಿಗೆ. ‘ಮನೆ’ಯ ಬಗ್ಗೆ ಒಂದು ಆಕ್ಷೇಪ. ಹಾರ್ಮೋನಿಯಂ ಬಳಸುವವರು ಶ್ರುತಿಯನ್ನು ‘ಒಂದು ಮನೆ’, ‘ಒಂದೂವರೆ ಮನೆ’ ಎನ್ನುತ್ತಾರೆ. ಅಲ್ಲಿ ಮನೆ ಎಂದರೆ ಕೀಲಿ. ಈ ಯಂತ್ರದಲ್ಲಿ ಶ್ರುತಿ ಬದಲಿಸುವ ಗುಂಡಿಯೂ ಇರುವುದರಿಂದ ‘ಎರಡು ಮನೆ ಮೇಲಕ್ಕೆ’ ಎಂದರೆ ಸ್ವರ ಏರಬೇಕೋ, ಮನೆ ಜರುಗಬೇಕೋ ತಿಳಿಯದು. ಹೀಗಾಗಿ ಶ್ರುತಿಯ ಕಡೆ ‘ಸ್ವರಸ್ಥಾನ’ ಎಂದು ಬಳಸಿ, ಮನೆಯನ್ನು ಸೀಕ್ವೆನ್ಸರಿನ ಜಾಗಕ್ಕೆ ಮೀಸಲಿಡಬೇಕು. ಮಿಡಿಯ ನೋಟ್ ಸಂಖ್ಯೆಗೂ ಬರಿಯ ‘ಸ್ವರ’ಕ್ಕಿಂತ ಸ್ವರಸ್ಥಾನವೇ ಹೊಂದುತ್ತದೆ: ಸ್ಥಾಯಿಗೆ 12, ಒಟ್ಟು 0ರಿಂದ 127. ‘ಗ’ ಎಂಬುದು ಷಡ್ಜವನ್ನು ಅವಲಂಬಿಸಿದ್ದು, 64 ಎಂಬುದು ಯಾವುದನ್ನೂ ಅವಲಂಬಿಸಿದ್ದಲ್ಲ.

ಷಡ್ಜವನ್ನು 60ಕ್ಕೆ ಇಟ್ಟರೆ ಮಾಯಾಮಾಳವಗೌಳ ರಾಗದ ಸ್ವರಗಳು 60, 61, 64, 65, 67, 68, 71, 72. ತಿರುಗುಗುಂಡಿಯ 0–1023 ಓದನ್ನು ಈ ಎಂಟಕ್ಕೇ ಹಂಚಿದರೆ ಒಂದೊಂದಕ್ಕೆ 128 ಅಂಕೆಗಳ ಜಾಗ ಸಿಕ್ಕಿ ಕೈ ಸಲೀಸಾಗಿ ನಿಲ್ಲುತ್ತದೆ. ಎರಡು ಸ್ಥಾಯಿಯ 25 ಸ್ಥಾನಗಳಿಗೆ ಹಂಚಿದರೆ ಸುಮಾರು 41 ಮಾತ್ರ. ಆಗ ಗಡಿಯಲ್ಲಿ ನಿಂತ ಗುಂಡಿ ಎರಡು ಸ್ಥಾನಗಳ ನಡುವೆ ತೂಗಾಡುತ್ತದೆ. ಗಡಿಯನ್ನು 8–10 ಅಂಕೆ ದಾಟಿದ ಮೇಲಷ್ಟೇ ಬದಲಿಸಬೇಕು.

ಇನ್ನೊಂದು ಪದ ಕೈಪಿಡಿಗೆ ಬೇಕೇ ಬೇಕು: ಕಾರ್ವೆ. ಸರಳೆ ವರಸೆಯಲ್ಲಿ ‘ಸ ರಿ ಗ ಮ ಪ , ಗ ಮ | ಪ , , , ಪ , , ,’ ಎಂಬ ಸಾಲಿದೆ. ಓದುಗರು ಅಲ್ಪವಿರಾಮವಿದ್ದ ಮನೆಗಳನ್ನು ಖಾಲಿ ಬಿಡುತ್ತಾರೆ. ಯಂತ್ರದಲ್ಲಿ ಖಾಲಿ ಮನೆ ಎಂದರೆ ಮೌನ, ಹಾಡುವಾಗ ಅದು ಹಿಂದಿನ ಸ್ವರದ ಮುಂದುವರಿಕೆ. ಆದ್ದರಿಂದ ಮನೆಗೆ ಮೂರು ಸ್ಥಿತಿ ಕೊಡಬೇಕು: ಸ್ವರ, ಕಾರ್ವೆ, ಖಾಲಿ. ಕಾರ್ವೆಯ ಮನೆಗೆ ಬಂದಾಗ ‘ಬಿಡು’ ಕಳಿಸದೆ ದಾಟಬೇಕು. ಅಂದರೆ ಬಿಡುವ ತೀರ್ಮಾನ ಮಾಡುವ ಮೊದಲು ಪ್ರೋಗ್ರಾಂ ಮುಂದಿನ ಮನೆಯನ್ನು ನೋಡಿರಬೇಕು. ಎಲ್‌ಇಡಿ ಒಂದೇ ಬಣ್ಣದ್ದಾದರೆ ಸ್ವರಕ್ಕೆ ಪೂರ್ತಿ ಬೆಳಕು, ಕಾರ್ವೆಗೆ ಮಂದ, ಖಾಲಿಗೆ ಆರಿಕೆ.

ಕರಡಿನ ಮಿಡಿ ಸಾಕೆಟ್ಟಿನ ಭಾಗದಲ್ಲೂ ಒಂದು ವಾಕ್ಯ ತಿದ್ದಬೇಕು. ‘ಎಡದಿಂದ ನಾಲ್ಕನೇ, ಐದನೇ ಪಿನ್’ ಎಂದಿದೆ. ಐದು ಪಿನ್ನಿನ ಡಿನ್ ಸಾಕೆಟ್ಟಿನಲ್ಲಿ ಸಂಖ್ಯೆಗಳು ಸಾಲಾಗಿಲ್ಲ, ಕಮಾನಿನಲ್ಲಿ 1, 4, 2, 5, 3 ಎಂದು ಬರುತ್ತವೆ. ಮುಂಭಾಗದಿಂದ ನೋಡಿದ್ದು ಬೆಸುಗೆಯ ಕಡೆಯಿಂದ ತಿರುಗುಮುರುಗು. ‘ನಡುವಿನ 2ರ ಎರಡೂ ಪಕ್ಕದವು’ ಎಂದು ಬರೆದು, ಪ್ಲಾಸ್ಟಿಕ್ ಮೇಲೆ ಅಚ್ಚಾದ ಸಂಖ್ಯೆಯನ್ನು ನೋಡಲು ಹೇಳಿ.

ತಿದ್ದಿದ ಕರಡು:

ಎಲ್ಲವನ್ನೂ ಸೇರಿಸಿ ಬರೆದ ಭಾಗ ಇದು. ‘ಸ್ಥಿತಿ’ಗಿಂತ ಒಳ್ಳೆಯ ಪದ ತೋಚಿದರೆ ತಿಳಿಸಿ.

‘ನ್ಯಾನೊ ಬೋರ್ಡಿನ ಎ0ಯಿಂದ ಎ7ರವರೆಗಿನ ಎಂಟು ಅನಲಾಗ್ ಪಿನ್ನುಗಳಿಗೆ ಎಂಟು 10 ಕಿಲೊಓಮ್ ಲೀನಿಯರ್ ತಿರುಗುಗುಂಡಿಗಳ ನಡುಕಾಲು ಜೋಡಿಸಿ, ಮನೆಗೊಂದು ಗುಂಡಿ. ಎಂಟು ಎಲ್‌ಇಡಿಗಳು 470 ಓಮ್ ರೆಸಿಸ್ಟರುಗಳ ಮೂಲಕ 74ಎಚ್‌ಸಿ595 ಚಿಪ್ಪಿಗೆ ಸೇರುತ್ತವೆ, ಬೋರ್ಡಿನ ಮೂರು ಪಿನ್ ಸಾಕು. ಮಿಡಿ ಔಟ್ ಸಾಕೆಟ್ಟಿನ 4ನೇ ಪಿನ್ನಿಗೆ 220 ಓಮ್ ಮೂಲಕ 5 ವೋಲ್ಟ್, 5ನೇ ಪಿನ್ನಿಗೆ 220 ಓಮ್ ಮೂಲಕ ಬೋರ್ಡಿನ ಟಿಎಕ್ಸ್ (ಸಂದೇಶ ಕಳಿಸುವ) ಪಿನ್, 2ನೇ ಪಿನ್ ಗ್ರೌಂಡಿಗೆ. 3.3 ವೋಲ್ಟಿನ ಬೋರ್ಡಾದರೆ 4ನೇ ಪಿನ್ನಿಗೆ 33 ಓಮ್, 5ನೇ ಪಿನ್ನಿಗೆ 10 ಓಮ್ ಹಾಕಿ. 220ರಲ್ಲೇ ಬಿಟ್ಟರೆ 5 ಮಿಲಿಆಂಪ್ ಹರಿಯದೆ ಕೆಲವು ಸಿಂಥ್‌ಗಳು ಕೇಳಿಸಿಕೊಳ್ಳುವುದಿಲ್ಲ.

ಮಿಡಿ ಇನ್ ಸಾಕೆಟ್ಟಿನಲ್ಲಿ 2ನೇ ಪಿನ್ ಅನ್ನು ಯಾವುದಕ್ಕೂ ಜೋಡಿಸಬೇಡಿ. ಅಲ್ಲಿ 6ಎನ್138 ಆಪ್ಟೊಕಪ್ಲರ್ ಇಡುವುದೇ ಎರಡು ಯಂತ್ರಗಳ ಗ್ರೌಂಡ್ ಬೇರೆಯಾಗಿ ಇರಲೆಂದು, ಸೇರಿಸಿದರೆ ಗುಂಯ್ ಎಂಬ ಸದ್ದು ಸ್ಪೀಕರಿಗೆ ಬರಬಹುದು. 4ನೇ ಪಿನ್ನಿನಿಂದ 220 ಓಮ್, ಆಪ್ಟೊಕಪ್ಲರಿನ ಒಳಗಿನ ಎಲ್‌ಇಡಿಗೆ ಎದುರುಮುಖವಾಗಿ ಒಂದು 1ಎನ್4148 ಡಯೋಡ್. ಆಪ್ಟೊಕಪ್ಲರಿನ ಹೊರದಾರಿಯಿಂದ ಬೋರ್ಡಿನ ಆರ್‌ಎಕ್ಸ್ (ಸಂದೇಶ ಪಡೆಯುವ) ಪಿನ್ನಿಗೆ ಹೋಗುವ ತಂತಿಯಲ್ಲಿ ಒಂದು ಸ್ವಿಚ್ ಇರಲಿ. ಯುಎಸ್‌ಬಿಯಿಂದ ಪ್ರೋಗ್ರಾಂ ತುಂಬುವುದೂ ಅದೇ ಪಿನ್ನಿನಲ್ಲಿ, ಸ್ವಿಚ್ ಆಫ್ ಮಾಡದಿದ್ದರೆ ತುಂಬುವುದು ವಿಫಲವಾಗಬಹುದು.

ಸೀರಿಯಲ್ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟಿಗೆ 320 ಮೈಕ್ರೊಸೆಕೆಂಡ್, ಮೂರು ಬೈಟಿನ ಒಂದು “ಹಿಡಿ”ಗೆ ಸುಮಾರು ಒಂದು ಮಿಲಿಸೆಕೆಂಡ್. ಒಂದೇ ಮನೆಯಲ್ಲಿ ಹತ್ತು ಸ್ವರ ಹಿಡಿದರೆ ಹತ್ತನೆಯದು ಮೊದಲಿನದಕ್ಕಿಂತ ಸುಮಾರು 9 ಮಿಲಿಸೆಕೆಂಡ್ ತಡ. ಆದ್ದರಿಂದ ಹೆಜ್ಜೆ ಇಡುವ ಹೊತ್ತಿನಲ್ಲಿ ಮೊದಲು ಮಿಡಿತ, ಆಮೇಲೆ ತಾಳವಾದ್ಯದ ಸ್ವರಗಳು, ಕೊನೆಗೆ ಉಳಿದವು ಹೋಗಲಿ.’