ಅಧಿಕಾರ ನೆನಪಿನೊಳಗೂ ಇಳಿಯುತ್ತದೆಯೇ?

ಪ್ರಶ್ನೆ: ಮೇಲಧಿಕಾರಿಯ ಫೋನ್ ಬಂದರೆ ಅಪ್ಪ ಕುರ್ಚಿಯಿಂದ ಎದ್ದು ನಿಂತೇ ಮಾತನಾಡುತ್ತಿದ್ದರು, ನಿವೃತ್ತರಾದ ಮೇಲೂ ಆ ರೂಢಿ ಹೋಗಿಲ್ಲ. ಕಣ್ಣಿಗೆ ಕಾಣದ ಅಧಿಕಾರವೂ ಮೈಯಲ್ಲಿ ಹೀಗೆ ನೆಲೆಸುವುದಾದರೆ, ನನ್ನ ರಾಜಕೀಯ ನಿಲುವು ಎಷ್ಟರಮಟ್ಟಿಗೆ ನನ್ನದು?

ಉತ್ತರ 1: ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ, ಆದೇಶಕ್ಕೆ ಮಣಿದು ಇನ್ನೊಬ್ಬರಿಗೆ 450 ವೋಲ್ಟ್ ಆಘಾತ ನೀಡುವ ಸ್ವಿಚ್ಚಿನವರೆಗೂ 40 ಜನರಲ್ಲಿ 26 ಮಂದಿ ಹೋದರು (ಆಘಾತ ನಿಜವಾದದ್ದಲ್ಲ). ಆದರೆ ಇನ್ನೊಂದು ಸುತ್ತಿನಲ್ಲಿ ಜೊತೆಗಿದ್ದ ಇಬ್ಬರು ನಿರಾಕರಿಸಿ ಎದ್ದಾಗ, ಕೊನೆಯವರೆಗೆ ಹೋದವರು 40ರಲ್ಲಿ ನಾಲ್ವರು ಮಾತ್ರ. ಆದ್ದರಿಂದ ನಿಲುವು ಒಬ್ಬರದೇ ಸೊತ್ತೆಂದು ನನಗೆ ಅನ್ನಿಸುವುದಿಲ್ಲ.

ಉತ್ತರ 2: ನನಗೆ ಹೆಚ್ಚು ನೋಯುವುದು ನೆನಪಿನ ವಿಷಯ. ತರಗತಿಯಲ್ಲಿ ಪೆಟ್ಟು ತಿಂದ ಗೆಳೆಯನದೇ ತಪ್ಪೆಂದು ವರ್ಷಗಟ್ಟಲೆ ನಂಬಿದ್ದೆ. ಮೇಷ್ಟ್ರ ಮಾತೇ ನನ್ನ ನೆನಪಾಗಿಬಿಟ್ಟಿತ್ತು.

ಪ್ರಶ್ನೆ ಕೇಳಿದವರು: ಇಂದು ಅಪ್ಪನನ್ನೇ ವಿಚಾರಿಸಿದೆ. ತಾವು ಎದ್ದು ನಿಲ್ಲುವುದು ಅವರ ಗಮನಕ್ಕೇ ಬಂದಿರಲಿಲ್ಲವಂತೆ.