ಖ್ಮೇರರ ‘ಪ್ಚುಮ್ ಬೆನ್’ ನಮ್ಮ ಪಿತೃಪಕ್ಷವೇ?

ಪ್ರಶ್ನೆ: ಕಾಂಬೋಡಿಯದ ಖ್ಮೇರರಲ್ಲಿ ಬಹುಪಾಲು ಜನ ಥೇರವಾದ ಬೌದ್ಧರು. ಹಾಗಿದ್ದೂ ಅವರು ಹದಿನೈದು ದಿನ ಪಿತೃಗಳಿಗೆ ಅನ್ನವಿಡುವ ‘ಪ್ಚುಮ್ ಬೆನ್’ ಆಚರಿಸುತ್ತಾರೆಂದು ಓದಿದೆ. ಇದಕ್ಕೂ ನಮ್ಮ ಪಿತೃಪಕ್ಷಕ್ಕೂ ನಂಟಿದೆಯೇ?

ಉತ್ತರ 1: ಹೆಸರಿನಲ್ಲೇ ಸುಳಿವಿದೆ. ‘ಪ್ಚುಮ್’ ಎಂದರೆ ಒಟ್ಟುಗೂಡುವುದು. ‘ಬೆನ್’ ಸಂಸ್ಕೃತದ ‘ಪಿಂಡ’ದಿಂದ ಬಂದ ಪದ. ಕಾಲವೂ ಭಾದ್ರಪದದ ಕೃಷ್ಣಪಕ್ಷವೇ. ಪ್ರೇತಗಳು ಬೆಳಕನ್ನು ಸಹಿಸವೆಂಬ ನಂಬಿಕೆಯಿಂದ, ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಕತ್ತಲಲ್ಲೇ ವಿಹಾರವನ್ನು ಸುತ್ತುತ್ತ, ಎಳ್ಳು ಬೆರೆಸಿದ ಅಂಟಂಟಾದ ಅನ್ನದ ಉಂಡೆಗಳನ್ನು ಎಸೆಯುತ್ತಾರೆ. ಎಳ್ಳನ್ನು ಕಂಡಾಗ ನನಗಂತೂ ನಮ್ಮ ಮನೆಯ ತಿಲೋದಕವೇ ನೆನಪಾಯಿತು.

ಉತ್ತರ 2: ಹೋಲಿಕೆ ಸರಿ, ಆದರೆ ಎರಡೂ ಒಂದೇ ಎನ್ನಲಾಗದು. ಅಲ್ಲಿ ಭಿಕ್ಷುಗಳಿಗೆ ದಾನವಿತ್ತು, ಅದರ ಪುಣ್ಯವನ್ನು ಪಿತೃಗಳಿಗೆ ಮುಟ್ಟಿಸುವುದೇ ಮುಖ್ಯ. 12ನೇ ಶತಮಾನದಲ್ಲಿ ಎರಡನೆಯ ಸೂರ್ಯವರ್ಮನ್ ವಿಷ್ಣುವಿಗಾಗಿ ಕಟ್ಟಿಸಿದ ಅಂಕೋರ್ ವಾಟ್ ಮುಂದೆ ಬೌದ್ಧಕ್ಷೇತ್ರವಾದಂತೆ, ಹಳೆಯ ಆಚರಣೆಗಳೂ ಬೌದ್ಧರೂಪ ತಳೆದಿರಬಹುದೆಂದು ನನ್ನ ಊಹೆ.

ಉತ್ತರ 3: ಒಂದು ಮಾತು ಸೇರಿಸುತ್ತೇನೆ. ಅನ್ನ ಅರಸುತ್ತ ಪಿತೃಗಳು ಏಳು ವಿಹಾರಗಳನ್ನು ಅಲೆಯುತ್ತಾರೆಂಬ ನಂಬಿಕೆಯಿರುವುದರಿಂದ, ಮನೆಯವರೂ ಹಲವು ವಿಹಾರಗಳಿಗೆ ಹೋಗುತ್ತಾರೆ. 1975–79ರಲ್ಲಿ ಕಾಂಬೋಡಿಯವನ್ನಾಳಿದ ‘ಖ್ಮೇರ್ ರೂಜ್’ ಎಂಬ ಕ್ರೂರ ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಸತ್ತ ತಮ್ಮವರು ಎಲ್ಲಿ ಮಣ್ಣಾದರೆಂಬುದನ್ನೇ ಅರಿಯದ ಕುಟುಂಬಗಳಿಗೆ, ಅವರ ಹೆಸರು ಹಿಡಿದು ಅನ್ನವಿಡುವ ದಿನಗಳಿವು.